ಎರಡನೇ ಗುಂಡಿ

ನಿನ್ನೆ ಹಳೆ ಬಟ್ಟೆಗೆ ಪಾತ್ರೆ ಕೊಡುವವಳು ನಮ್ಮ ಬೀದಿಗೆ ಬಂದಿದ್ದಳು. ಒಂದು ಸ್ಟೀಲ್ ಡಬರಿಯ ಆಸೆಗೆ ಬೀರು ತಡಕಿದರೆ ಮೊಮ್ಮಗಳು ಚೈತ್ರಳ ಹೈಸ್ಕೂಲಿನ ಬಿಳಿ ಅಂಗಿ ಸಿಕ್ಕಿತು. ಮೇಲಿಂದ ಎರಡನೇ ಗುಂಡಿ ಇಲ್ಲ. ಆ ಜಾಗದಲ್ಲಿ ಪಿನ್ನಿನ ತುಕ್ಕಿನ ಕಲೆ. ಪಾತ್ರೆಯವಳನ್ನು ಕಾಯಿಸಿ ಅಲ್ಲೇ ಕೂತುಬಿಟ್ಟೆ.

ಮೂರು ವರ್ಷದ ಹಿಂದಿನ ಮಾತು. ಚೈತ್ರ ಆಗ ಹತ್ತನೇ ತರಗತಿ. ಭದ್ರಾವತಿಯ ನಮ್ಮ ಮನೆಯಲ್ಲಿ ದಿನಾ ಸಂಜೆ ಜಪಾನಿನ ಸಿನಿಮಾ. ಅಲ್ಲಿಯ ಹುಡುಗಿಯರು ಓದುವ ಚಿತ್ರಕಥೆಯ ಪುಸ್ತಕಗಳನ್ನೇ ಸಿನಿಮಾ ಮಾಡುತ್ತಾರಂತೆ. ಒಂದು ನೋಡಿದರೆ ಎಲ್ಲ ನೋಡಿದಂತೆ. ಹುಡುಗಿ ಬಾಯಲ್ಲಿ ಬ್ರೆಡ್ಡು ಕಚ್ಚಿಕೊಂಡು ಶಾಲೆಗೆ ಓಡುತ್ತಾಳೆ, ತಿರುವಿನಲ್ಲಿ ಒಬ್ಬನಿಗೆ ಡಿಕ್ಕಿ ಹೊಡೆಯುತ್ತಾಳೆ. ಅವನಿಗೆ ಕೂದಲು ಕಣ್ಣಿನ ಮೇಲೆ, ಮಾತು ಕಮ್ಮಿ. ಕಣ್ಣು ಮುಚ್ಚಿಟ್ಟುಕೊಂಡು ಓಡಾಡುವ ಗಂಡಸನ್ನು ನಾನು ನಂಬುವವಳಲ್ಲ. ಇಬ್ಬರ ಕೈ ತಾಗಲು ಎರಡು ಗಂಟೆ ಬೇಕು. ನಮ್ಮ ಸಿನಿಮಾದಲ್ಲಾದರೆ ಅಷ್ಟು ಹೊತ್ತಿಗೆ ಮದುವೆಯಾಗಿ, ಮಗು ಕಳೆದು, ಸಿಕ್ಕಿಯೂ ಆಗಿರುತ್ತದೆ.

ಒಂದು ಸಿನಿಮಾದಲ್ಲಿ ಒಬ್ಬ, ಹುಡುಗಿಯ ತಲೆ ಪಕ್ಕದ ಗೋಡೆಗೆ ದಪ್ ಎಂದು ಕೈ ಬಡಿದ.

“ಯಾಕೆ ಹೊಡ್ದ? ಸೊಳ್ಳೆನಾ?”

“ಅಯ್ಯೋ ಅಜ್ಜಿ, ಅದು ಲವ್.”

“ದಾರಿಗೆ ಅಡ್ಡ ನಿಂತ್ರೆ ಲವ್ವಾ? ನಾನಾಗಿದ್ರೆ ಕೈ ಕೆಳಗೆ ನುಸುಳಿ ಹೋಗ್ತಿದ್ದೆ.”

ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತದೆ. ನಾನು ಕನ್ನಡವನ್ನೇ ಕೂಡಿಸಿ ಓದುವವಳು, ಹಾಗಾಗಿ ಚೈತ್ರ ಹೇಳಿದ್ದೇ ಅರ್ಥ. ಹುಡುಗ ಕಣ್ಣಲ್ಲಿ ನೀರು ತಂದುಕೊಂಡು ಐದು ನಿಮಿಷ ಮಾತಾಡುತ್ತಾನೆ, ಇವಳು “ಏನಿಲ್ಲ ಅಜ್ಜಿ, ಹೋಂವರ್ಕ್ ಕೇಳ್ತಿದಾನೆ” ಅನ್ನುತ್ತಾಳೆ. ನೀವಾದರೆ ನಂಬುತ್ತಿದ್ದಿರಾ?

ಇನ್ನೊಂದು ಸಿನಿಮಾದಲ್ಲಿ ಶಾಲೆಯ ಕೊನೆಯ ದಿನ ಹುಡುಗ ತನ್ನ ಕೋಟಿನ ಎರಡನೇ ಗುಂಡಿ ಕಿತ್ತು ಹುಡುಗಿಗೆ ಕೊಟ್ಟ. ಎರಡನೆಯದೇ ಯಾಕೆ ಎಂದು ಕೇಳಿದೆ. “ಗುಂಡಿಗೆ ಪಕ್ಕ ಇರೋದು ಅದೇ ಅಲ್ವಾ ಅಜ್ಜಿ” ಅಂದಳು. ಗುಂಡಿಗೂ ಗುಂಡಿಗೆಗೂ ಎಲ್ಲಿಯ ಸಂಬಂಧ! ಶಿವಮೊಗ್ಗದ ಗಾಂಧಿ ಬಜಾರಿನ ಟೈಲರಿಗೆ ಇಪ್ಪತ್ತು ವರ್ಷ ಕಾಜಾ ಹೊಲಿದು ಗುಂಡಿ ಹಾಕಿ ಕೊಟ್ಟವಳು ನಾನು. ಹಾಗೆ ಕಿತ್ತರೆ ಬಟ್ಟೆ ಹರಿಯುತ್ತದೆ ಅನ್ನುವುದೊಂದೇ ನನ್ನ ತಲೆಗೆ ಬಂದದ್ದು.

ಶಾಲೆಯಲ್ಲಿ ಬೀಳ್ಕೊಡುಗೆ ಆದ ಮರುದಿನ ಚೈತ್ರಳ ಕರ್ಚೀಫು ಒಗೆಯಲು ತೆಗೆದರೆ ಮೂಲೆಯಲ್ಲೊಂದು ಗಂಟು. ಒಳಗೆ ಬಿಳಿ ಗುಂಡಿ. ಯಾವನದೋ ಇದು, ಅಂದುಕೊಂಡೆ. ಚೈತ್ರಳ ಅಪ್ಪ, ನನ್ನ ಮಗ ಲೋಕೇಶ, ಆಗ ಅವಳನ್ನು ಕಾಲೇಜಿಗೆ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಕಳಿಸುವುದೋ ಬೇಡವೋ ಎಂದು ತೂಗುತ್ತಿದ್ದ. ಈ ಗುಂಡಿ ಅವನ ಕೈಗೆ ಹೋದರೆ ಓದು ಅಲ್ಲಿಗೆ ಮುಗಿಯಿತು.

ಹಾಗೆ ಮುಗಿದದ್ದನ್ನು ಒಮ್ಮೆ ಕಂಡಿದ್ದೇನೆ. ಲೋಕೇಶನ ಅಕ್ಕ ಗಿರಿಜ ಒಂಬತ್ತನೇ ತರಗತಿಯಲ್ಲಿದ್ದಾಗ ಅವಳ ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿ ಒಬ್ಬ ಹುಡುಗನ ಹೆಸರಿತ್ತು. ಅದರ ಮೇಲೆ ಏನೋ ಬರೆದಿತ್ತು. ಅದನ್ನೂ ಕೂಡಿಸಿ ಓದುವಷ್ಟು ತಾಳ್ಮೆ ನನಗಿರಲಿಲ್ಲ. ಅವಳಪ್ಪನಿಗೆ ಹೇಳಿದೆ. ಮಾರನೆಯ ದಿನವೇ ಅವಳನ್ನು ಶಾಲೆ ಬಿಡಿಸಿದರು. ಹದಿನೆಂಟಕ್ಕೆ ಕುಂಸಿಗೆ ಮದುವೆ ಮಾಡಿ ಕೊಟ್ಟೆವು.

ಗುಂಡಿಯನ್ನು ಬಿಸಿಲಿಗೆ ಹಿಡಿದೆ. ದಾರದ ತುಂಡು ಅಂಟಿಕೊಂಡಿತ್ತು. ನಾಲ್ಕು ತೂತಿಗೂ ಅಡ್ಡಡ್ಡ ಹಾಕಿ, ಬುಡಕ್ಕೆ ಮೂರು ಸುತ್ತು. ನನ್ನದೇ ಕೈ. ಅಂದರೆ ಇದು ಯಾವ ಹುಡುಗನದೂ ಅಲ್ಲ, ಚೈತ್ರಳದೇ ಅಂಗಿಯದು, ಬ್ಲೇಡಿನಲ್ಲಿ ಕೊಯ್ದದ್ದು. ಅನುಮಾನ ಕಮ್ಮಿಯಾಗಲಿಲ್ಲ, ಜಾಸ್ತಿಯಾಯಿತು.

“ಯಾರಿಗೆ ಕೊಡೋಕೆ ಕೊಯ್ದೆ?” ಎಂದು ನೇರವಾಗಿ ಕೇಳಿದೆ.

“ಕೊಟ್ಟಾಯ್ತು.”

“ಮತ್ತೆ ಇಲ್ಯಾಕಿದೆ?”

“ವಾಪಸ್ ಕೊಟ್ಟ.” ಅಳು ಶುರುವಾಯಿತು.

“ಬೇಡ ಅಂದ್ನಾ?”

“ಬೇಡ ಅಂದಿದ್ರೆ ಪರ್ವಾಗಿರ್ಲಿಲ್ಲ ಅಜ್ಜಿ. ‘ನಿಂದು ಗುಂಡಿ ಕಿತ್ತೋಗಿದೆ ನೋಡು, ಮನೇಲಿ ಹಾಕಿಸ್ಕೋ’ ಅಂದ. ಮಿಸ್ ಹತ್ರ ಓಡಿ ಹೋಗಿ ಪಿನ್ ಬೇರೆ ಇಸ್ಕೊಂಡು ಬಂದ!”

ನನಗೆ ನಗು ತಡೆಯಲಿಲ್ಲ. “ಅವ್ನು ಈ ಸಿನಿಮಾ ನೋಡಿಲ್ಲ ಕಣೆ ಮಾರಾಯ್ತಿ!”

“ನಗ್ಬೇಡ ನೀನು!”

ಗೋಡೆ ಬಡಿಯುವವರಿಗಿಂತ ಪಿನ್ನು ತಂದವನೇ ವಾಸಿ ಅನ್ನಿಸಿತು. ಅವನು ನಿಜಕ್ಕೂ ದಡ್ಡನೋ, ಗೊತ್ತಿದ್ದೂ ದಡ್ಡನಾದನೋ, ಅದು ಬೇರೆ ಮಾತು.

ಅಷ್ಟರಲ್ಲಿ ಲೋಕೇಶ ಒಳಗೆ ಬಂದ. “ಏನಮ್ಮ, ಯಾಕೆ ಅಳ್ತಿದಾಳೆ?”

ಗುಂಡಿ ನನ್ನ ಮುಷ್ಟಿಯೊಳಗಿತ್ತು. ಚೈತ್ರ ನನ್ನ ಮುಖವನ್ನೇ ನೋಡುತ್ತಿದ್ದಳು.

“ಅಂಗಿ ಹಾಳು ಮಾಡ್ಕೊಂಡು ಬಂದಿದ್ಲು, ಬೈದೆ.”

“ಅಷ್ಟಕ್ಕೆಲ್ಲ ಅಳ್ತಾರೇನೆ? ನಾಳೆ ಶಿವಮೊಗ್ಗಕ್ಕೆ ಒಬ್ಳೇ ಓಡಾಡೋಳು!” ಅಂದ.

ಶಿವಮೊಗ್ಗ ಅವನ ಬಾಯಿಂದಲೇ ಬಂತು. ನಾನು ಎದ್ದು ಒಳಗೆ ಹೋದೆ. ಚೈತ್ರ ಈಗ ಅದೇ ಬಸ್ಸಿನಲ್ಲಿ ಹೋಗಿ ಡಿಗ್ರಿ ಓದುತ್ತಿದ್ದಾಳೆ.

ನಿನ್ನೆ ಪಾತ್ರೆಯವಳು ಕಾದು ಬೇಸತ್ತು, ನನ್ನನ್ನು ಬೈದುಕೊಂಡೇ ಹೋದಳು. ನಾನು ಗಿರಿಜಳಿಗೆ ಫೋನು ಹಚ್ಚಿದೆ.

“ಆ ಹೆಸರಿನ ಮೇಲೆ ಏನು ಬರ್ದಿದ್ದೆ ನೀನು?”

ಯಾವ ಹೆಸರು ಎಂದು ಅವಳು ಕೇಳಲಿಲ್ಲ.

“‘ಮಾತಾಡಿದವರು’ ಅಂತ. ನಾನು ಕ್ಲಾಸ್ ಲೀಡರ್ ಆಗಿದ್ನಲ್ಲಮ್ಮ. ಮೇಷ್ಟ್ರು ಇಲ್ದಾಗ ಯಾರು ಮಾತಾಡಿದ್ರೂ ಹೆಸ್ರು ಬರೀಬೇಕಿತ್ತು.”

“ಒಬ್ಬಂದೇ ಇತ್ತಲ್ಲೇ?”

“ಆವತ್ತು ಮಾತಾಡ್ದೋನು ಅವನೊಬ್ನೇ.”

“ಆವಾಗ್ಲೇ ಹೇಳೋದಲ್ವೇನೆ?”

“ನನ್ನನ್ನ ಯಾರು ಕೇಳಿದ್ರಮ್ಮ?” ಅಂದು ನಕ್ಕಳು.

ಫೋನಿನಲ್ಲಿ ಮುಖ ಕಾಣುವುದಿಲ್ಲ. ಆ ನಗುವನ್ನು ನಾನು ನಂಬಲಿಲ್ಲ. ನಾಳೆ ಕುಂಸಿಯ ಬಸ್ಸು ಹತ್ತುತ್ತೇನೆ.