ಖಾಕಿ ಜಾಕೀಟಿನ ಮೇಲೆ ಕೂತವರು

ಮಡೆಪ್ಪನಿಗೆ ಎಂಜಿನ್ನು ಗೊತ್ತಿತ್ತು, ನೀರು ಗೊತ್ತಿರಲಿಲ್ಲ. ಭಾಲ್ಕಿಯ ಬೇಳೆ ಗಿರಣಿಯಲ್ಲಿ ಹದಿನೆಂಟು ವರ್ಷ ಎಣ್ಣೆ ಎಂಜಿನ್ನು ನಡೆಸಿದವನನ್ನು, ರಜಾಕಾರರನ್ನು ಅಡಗಿಸಲು ದಂಡು ಬಂದ ಪೊಲೀಸ್ ಕಾರ್ಯಾಚರಣೆಯ ಮರುವರ್ಷ, ಮಾಂಜರಾ ನದಿಯ ಮೋಟಾರು ದೋಣಿ ನಡೆಸಲು ಸರಕಾರದವರು ಕರೆದುಕೊಂಡರು. ಹೊಳೆಯ ಆಳ, ಸೆಳೆತಗಳನ್ನು ಅಳೆಯಲೆಂದು ಬೀದರಿನಿಂದ ಲಾರಿಯ ಮೇಲೆ ಬಂದ ಸಣ್ಣ ದೋಣಿ ಅದು. ಈಜು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಗಲಭೆಯಲ್ಲಿ ಗಿರಣಿ ಮುಚ್ಚಿತ್ತು, ಬೇರೆ ಕೆಲಸವಿರಲಿಲ್ಲ.

ದೋಣಿಯ ಜೊತೆಗೆ ಬೆಂಡು ತುಂಬಿದ ಎರಡು ಜಾಕೀಟುಗಳೂ ಬಂದಿದ್ದವು. ತೊಟ್ಟವನು ಮುಳುಗುವುದಿಲ್ಲವೆಂದು ಉಗ್ರಾಣದವರು ಹೇಳಿದ್ದರು. ಬರಿಯ ಮಾತನ್ನು ನಂಬುವ ಜಾಯಮಾನ ಮಡೆಪ್ಪನದಲ್ಲ. ಮನೆಯ ಬಾವಿಗೆ ಒಂದನ್ನು ಇಳಿಬಿಟ್ಟು ಕಲ್ಲು ಕಟ್ಟುತ್ತ ಹೋದ. ಹನ್ನೆರಡು ಸೇರಿನವರೆಗೆ ತೇಲಿತು, ಹದಿಮೂರಕ್ಕೆ ಮುಳುಗಿತು. ಅರವತ್ತು ಸೇರು ತೂಗುವ ಆಳನ್ನು ಇದು ಹೇಗೆ ಹೊತ್ತೀತು? ಅವನು ಬಾವಿಕಟ್ಟೆಯನ್ನು ಸುತ್ತುವುದನ್ನು ನೋಡಿ, ನೀರು ಸೇದುತ್ತಿದ್ದ ಹೆಂಡತಿ ಅನುಸೂಯಾಬಾಯಿ ಹೇಳಿದಳು: “ಕೊಡ ನೀರಾಗ ಇದ್ದಾಗ ಭಾರ ಎಲ್ಲಿರ್ತದ್ರಿ? ಮ್ಯಾಲ ಬಂದ ಮ್ಯಾಗೇ ತೋಳು ಹಿಡೀತದ.” ಹೌದಲ್ಲ ಎನ್ನಿಸಿತು. ನೀರಿನಲ್ಲಿ ಮನುಷ್ಯನೂ ಹಗುರ. ಜಾಕೀಟು ಅವನ ತಲೆಯನ್ನಷ್ಟು ಎತ್ತಿ ಹಿಡಿದರೆ ಸಾಕು.

ಆದರೆ ಜಾಕೀಟಿನ ಬಣ್ಣ ಖಾಕಿಯಾಗಿತ್ತು. ಮೊದಲ ದಿನ ಅದನ್ನು ತೊಟ್ಟು ಔರಾದಿನ ಕಡೆಯ ದಡ ಮುಟ್ಟಿದಾಗ, ಬಟ್ಟೆ ಒಗೆಯುತ್ತಿದ್ದ ಹೆಂಗಸರು ಒಗೆದುದನ್ನೂ ಬಿಟ್ಟು ದಿಬ್ಬ ಹತ್ತಿ ಓಡಿದರು. ಅಲ್ಲಿ ದೋಣಿಯಲ್ಲಿ ಜನರನ್ನು ದಾಟಿಸುವ ಧೊಂಡಿಬಾ ಹುಟ್ಟು ಊರಿ ನಿಂತಿದ್ದ. “ಡ್ರೈವರ್ ಸಾಬ್ರ, ಮದಲ ಅದನ್ನ ಬಿಚ್ರಿ. ಹ್ವಾದ ವರ್ಷ ರಜಾಕಾರರು ಖಾಕಿ ಹಾಕ್ಕೊಂಡು ಬಂದ್ರ ಇವರ ಬಣವಿ ಉರೀತಿದ್ವು,” ಎಂದವನು, ಕಣ್ಣು ಕಿರಿದು ಮಾಡಿ ಸೇರಿಸಿದ: “ಯಾಕ, ಈಸ್ಲಾಕ ಬರಲ್ಲೇನು?” ಮಡೆಪ್ಪ ನಕ್ಕಂತೆ ಮಾಡಿ ಜಾಕೀಟು ಬಿಚ್ಚಿದ, ಮಡಿಸಿ ಅದರ ಮೇಲೆ ಕುಳಿತ.

ನೀರು ಅಳೆಯುವ ಗುಮಾಸ್ತ ಬೀದರಿನ ಉಸ್ಮಾನ ಮಿಯಾ ಮೊದಲೇ ತನ್ನದರ ಮೇಲೆ ಕುಳಿತಿದ್ದ. ನೀವಾದರೂ ಹಾಕಿಕೊಳ್ಳಿ ಎಂದು ಮಡೆಪ್ಪ ಒಮ್ಮೆ ಹೇಳಿ ನೋಡಿದ. ಮಿಯಾ ದಡದ ಕಡೆ ನೋಡುತ್ತ, “ನೀ ಹಾಕ್ಕೊಂಡ್ರ ಮಂದಿ ಓಡಿ ಹೋಗ್ತಾರ, ಮಡೆಪ್ಪಾ. ನಾ ಹಾಕ್ಕೊಂಡ್ರ ನನ್ನ ಮ್ಯಾಲೇ ಓಡಿ ಬರ್ತಾರ,” ಎಂದ. ದಂಡು ಬಂದ ಮೇಲೆ, ರಜಾಕಾರರ ಮೇಲಿನ ಸೇಡಿಗೆ, ಅವನ ತಮ್ಮನ ಮನೆಯೂ ಉರಿದಿತ್ತು.

ಎರಡು ತಿಂಗಳು ಮಡೆಪ್ಪನ ಕಣ್ಣು ಒಂದೆಡೆ ನಿಲ್ಲಲಿಲ್ಲ. ಎಂಜಿನ್ನು, ನೀರು, ದಡ, ಮತ್ತೆ ಎಂಜಿನ್ನು. ಬಿಡುವಾದ ಕೈ ತೊಡೆಯ ಕೆಳಗಿನ ಜಾಕೀಟನ್ನು ಮುಟ್ಟಿ, ಒಳಗಿನ ಬೆಂಡಿನ ತುಂಡುಗಳನ್ನು ಎಣಿಸುತ್ತಿತ್ತು.

ಭಾದ್ರಪದದಲ್ಲಿ ಮೇಲೆಲ್ಲೋ ಮಳೆಯಾಗಿ ಹೊಳೆ ಕೆಂಪಾಗಿ ಬಂತು. ನಡುನೀರಿನ ಅಳತೆಗಂಬದ ಅಂಕಿ ಓದಲು ಮಿಯಾ ಬಾಗಿದ್ದ. ತೇಲಿಬಂದ ಜಾಲಿಯ ಬೊಡ್ಡೆಯೊಂದು ದೋಣಿಗೆ ಬಡಿಯಿತು. ಮಿಯಾ ನೀರಿಗೆ ಬಿದ್ದ. ಅವನ ಕೈ ಒಮ್ಮೆ ಕಂಡಿತು, ಇನ್ನೊಮ್ಮೆ ಕಂಡಿತು. ಮಡೆಪ್ಪನ ಕಾಲು ಏಳಲಿಲ್ಲ. ಕೈ ಮಾತ್ರ ತನ್ನ ಅಭ್ಯಾಸವನ್ನು ಮರೆಯದೆ ಮೊದಲು ಎಂಜಿನ್ನನ್ನು ನಿಲ್ಲಿಸಿತು. ದೋಣಿಯಡಿ ತಿರುಗುವ ರೆಕ್ಕೆ ಮನುಷ್ಯನನ್ನು ಕೊಯ್ಯದೆ ಬಿಡುವುದಿಲ್ಲ. ಮಿಯಾನ ಜಾಕೀಟನ್ನು ಎಸೆದ. ಸೆಳೆತ ಅದನ್ನು ಕೊಂಡೊಯ್ದಿತು. ತನ್ನದಕ್ಕೆ ದೋಣಿಯ ಹಗ್ಗ ಬಿಗಿದು ಎಸೆದ. ಎರಡು ತೋಳು ಅದನ್ನು ತಬ್ಬಿದವು. ಕೆಂಪು ನೀರಿನ ಮೇಲೆ ತಲೆಯೊಂದು ನಿಂತಿತು.

ಧೊಂಡಿಬಾನ ದೋಣಿ ಬಂದು ಇಬ್ಬರನ್ನೂ ದಡಕ್ಕೆ ತಂದಿತು. ಮಿಯಾ ನೀರು ಕಾರಿದ. ಧೊಂಡಿಬಾನಿಗೆ ಸಿಟ್ಟು ಇಳಿದಿರಲಿಲ್ಲ. “ಮನಷ್ಯಾ ಮುಳುಗ್ಲತಾನ, ನೀ ಕುಂತಲ್ಲೇ ಕುಂತಿದ್ದಿ. ಜಿಗೀಲಿಲ್ಲ ಯಾಕ?”

“ನನಗ ಈಸ್ಲಾಕ ಬರಲ್ಲ,” ಎಂದ ಮಡೆಪ್ಪ.

ಕೆಲಸ ಹೋಯಿತೆಂದೇ ಅವನು ತಿಳಿದ. ಬೀದರಿಗೆ ವರದಿ ಕಳಿಸುವವನು ಮಿಯಾನೇ. ಮಿಯಾ ಗಡ್ಡದ ನೀರು ಹಿಂಡಿಕೊಂಡ. “ನನಗೂ ಬರಲ್ಲ,” ಎಂದ. “ನಿಂದು ವರದ್ಯಾಗ ಬರದ್ರ ನಂದೂ ಬರೀಬೇಕಾಗ್ತದ. ಜಾಕೀಟು ಒಂದು ಹ್ವಾಯ್ತು, ಇನ್ನೊಂದು ಕಳಸ್ರಿ ಅಂತ ಅಷ್ಟೇ ಬರೀತೇನಿ.”

ಅದು ಬರುವವರೆಗೆ ಎಂಜಿನ್ನಿಗೆ ಕೈ ಹಚ್ಚುವುದಿಲ್ಲವೆಂದು ಮಡೆಪ್ಪ ಕುಳಿತುಬಿಟ್ಟ. ಮೂರು ವಾರ ದೋಣಿ ಗೂಟಕ್ಕೆ ಕಟ್ಟಿಕೊಂಡೇ ಇತ್ತು. ಅವನು ದಿನವೂ ಬಂದು, ಸಡಿಲವಾದೀತೆಂದು, ಹಗ್ಗದ ಗಂಟನ್ನು ಬಿಚ್ಚಿ ಕಟ್ಟುತ್ತಿದ್ದ. ಉಳಿದಿದ್ದ ಜಾಕೀಟಿನ ಮೇಲೆ, ಖಾಕಿ ಕಾಣದಂತೆ, ಅನುಸೂಯಾಬಾಯಿ ತನ್ನ ಹಳೆಯ ಹಸಿರು ಇಲಕಲ್ಲ ಸೀರೆಯ ತುಂಡುಗಳನ್ನು ಕೌದಿಯಂತೆ ಹೊಲಿದಳು. ಬೀದರಿನಿಂದ ಬಂದದ್ದೂ ಖಾಕಿಯೇ; ಅದಕ್ಕೂ ಸೂಜಿ ಬಿತ್ತು.

ಮತ್ತೆ ದೋಣಿ ಹೊರಟ ದಿನ ಔರಾದಿನ ದಡದ ಹೆಂಗಸರು ಓಡಲಿಲ್ಲ. ಒಬ್ಬಳು ಒಗೆತ ನಿಲ್ಲಿಸಿ, “ಏ, ಈ ಗಂಡಸ್ರು ಕೌದಿ ಹೊತ್ಕೊಂಡು ಬಂದಾರ ನೋಡ್ರೆ,” ಎಂದಳು. ಉಳಿದವರು ಸೆರಗು ಬಾಯಿಗೆ ಒತ್ತಿಕೊಂಡರು. ಮಿಯಾ ತನ್ನ ಎದೆಯ ಪಟ್ಟಿಯನ್ನು ಬಿಗಿದುಕೊಂಡು ಅಳತೆಗಂಬದ ಕಡೆ ಬಾಗಿದ. ಮಡೆಪ್ಪನ ಕಣ್ಣು ಈಗಲೂ ಎಂಜಿನ್ನು, ನೀರು, ದಡ ಎಂದು ಅಲೆಯುತ್ತಲೇ ಇತ್ತು. ಕೈ ಮಾತ್ರ ತೊಡೆಯ ಕೆಳಗೆ ಹೋಗಿ, ಅಲ್ಲಿ ಬರಿಯ ಹಲಗೆಯನ್ನು ಮುಟ್ಟಿ, ಮೇಲೆ ಎದೆಗೆ ಕಟ್ಟಿದ ಜಾಕೀಟಿನ ಗಂಟಿಗೆ ಬಂತು.