ಬಾಯ್ಲರಿಗೆ ಬೆನ್ನು ಹಾಕದ ಮೌಲಾಹುಸೇನ

ರೈಸ್ ಮಿಲ್ಲಿನ ಬೆಂಕಿ ಕಾಯುವ ಮೌಲಾಹುಸೇನ ಬಾಯ್ಲರಿಗೆ ಬೆನ್ನು ಹಾಕಿ ಕೂತದ್ದನ್ನು ಸಿಂಧನೂರಿನಿಂದ ಮಸ್ಕಿಯವರೆಗೆ ಕಂಡ ನರಮನುಷ್ಯನಿರಲಿಲ್ಲ. ಸಂತೆಕಲ್ಲೂರಿನಲ್ಲಿ ಅವನ ನಿಕಾಹದ ದಿನ ಖಾಜಿ ಸಾಹೇಬರು ಕಬೂಲ್ ಕೇಳುತ್ತಿದ್ದರೆ, ಮದುಮಗ ಮಿಲ್ಲು ಯಾವ ದಿಕ್ಕಿಗಿದೆ ಎಂದು ವಿಚಾರಿಸಿ ಕುರ್ಚಿ ತಿರುಗಿಸಿಕೊಂಡನಂತೆ. ಚಿಮಣಿಯ ಪಾರಿವಾಳಗಳು ಅವನಿಗೆ ಸಲಾಂ ಹೊಡೆದೇ ಹಾರುತ್ತವೆ, ಅವನು ಕೆಮ್ಮಿದರೆ ಬೆಂಕಿ ತಗ್ಗುತ್ತದೆ ಎಂದು ಹಮಾಲರು ಆಣೆ ಮಾಡಿ ಹೇಳುತ್ತಿದ್ದರು.

ಆ ಮಧ್ಯಾಹ್ನ ಗಾಳಿ ಸತ್ತುಬಿದ್ದಿತ್ತು. ಬಾಯ್ಲರಿನಲ್ಲಿ ಉರಿದ ಭತ್ತದ ಹೊಟ್ಟಿನ ಬೂದಿ ಮೇಲೇರದೆ ಮಿಲ್ಲಿನ ಅಂಗಳದ ಮೇಲೇ ಇಳಿಯುತ್ತಿತ್ತು. ಅಂಥ ಹೊತ್ತಿನಲ್ಲಿ ಮಸ್ಕಿಯ ಕಾಲೇಜಿನಲ್ಲಿ ಪಾಠ ಹೇಳುವ ಶಿವರಂಜನಿ ಮೇಡಂ ಬಂದರು. ಮಿಲ್ಲು ಎಷ್ಟು ಹೊಟ್ಟು, ಕರೆಂಟು, ಡೀಸೆಲ್ಲು ನುಂಗುತ್ತದೆ ಎಂಬ ಲೆಕ್ಕ ಅವರಿಗೆ ಬೇಕಿತ್ತು. ಕೈಯ ಹಾಳೆಯಲ್ಲಿ ತುಂಡು ತುಂಡಾಗಿ ಗೆರೆ ಎಳೆದ ಎರಡು ದುಂಡು ಚಿತ್ರಗಳು: ಒಂದು ನಮ್ಮ ದೇಶ, ಇನ್ನೊಂದು ಜರ್ಮನಿ. ಭೂಮಿಯನ್ನು ಕಾಯಿಸುವ ಅನಿಲದಲ್ಲಿ ಕಾರ್ಖಾನೆಗಳ ಪಾಲು ಯಾವ ದೇಶದಲ್ಲಿ ಎಷ್ಟು ಎಂಬ ಹೋಲಿಕೆ.

ಮಾಲೀಕ ಕರಿಬಸಯ್ಯನವರಿಗೆ ಅದು ಕುಸ್ತಿಯ ಅಖಾಡದಂತೆ ಕಂಡಿತು.

“ಜರ್ಮನಿ ಮುಂದ ನಮ್ಮ ಮಾನ ಹೋಗಬಾರ್ದು. ಲೇ ಮೌಲಾ, ಬ್ಲೋವರ್ ಪೂರಾ ಬಿಡು. ಹೊಗಿ ಕಣ್ಣಿಗೇ ಕಾಣಬಾರ್ದು!”

“ಕಾಣೋ ಹೊಗಿಗೂ ನನ್ನ ಲೆಕ್ಕಕ್ಕೂ ಸಂಬಂಧ ಇಲ್ರಿ ಸರ್. ನಾ ಹುಡುಕಾಕತ್ತಿದ್ದು ಕಾಣಲಾರದ್ದು,” ಎಂದರು ಮೇಡಂ.

ಕೇಳುವವರಾರು? ಬೆಂಕಿಗೆ ಗಾಳಿ ಊದುವ ಬ್ಲೋವರ್ ಗುಡುಗಿತು, ಬೆಂಕಿ ಬೆಳ್ಳಗೆ ಉರಿಯಿತು. ಮೌಲಾಹುಸೇನ ಮಾತ್ರ ಜೀವಮಾನದಲ್ಲಿ ಮೊದಲ ಸಲ ಬಾಯ್ಲರಿಗೆ ಬೆನ್ನು ಹಾಕಿ ಹಾಳೆಯತ್ತ ಬಾಗಿದ.

“ಮೇಡಂ, ಎರಡೂ ರೊಟ್ಟಿ ಒಂದ ಅಳತಿ ಬರದೀರಿ. ಅವರ ಮನಿಯಾಗ ಹಿಟ್ಟು ಎಷ್ಟು, ನಮ್ಮ ಮನಿಯಾಗ ಎಷ್ಟು? ಉಣ್ಣೋ ಮಂದಿ ಎಷ್ಟು? ಬರೇ ತುಂಡು ನೋಡಿದ್ರ ಹೆಂಗ?”

ಮೇಡಂ ಪೆನ್ನು ತುಟಿಗಿಟ್ಟುಕೊಂಡರು. “ಖರೇ. ದೊಡ್ಡ ರೊಟ್ಟಿಯ ಸಣ್ಣ ತುಂಡೂ ಭಾರ ಆಗಬಹುದು.”

“ಯಾವ ದೇಶದವನಲೇ ನೀ?” ಎಂದು ಕರಿಬಸಯ್ಯ ರೇಗಿದರು.

ಮೌಲಾಹುಸೇನನ ಕಿವಿ ನಿಮಿರಿತು. ಬೆನ್ನ ಹಿಂದಿನ ಸದ್ದು ಬದಲಾಗಿತ್ತು. ಕುದಿಯುವ ಗುಳುಗುಳು ಅಡಗಿ, ಒಣ ಸಿಳ್ಳೊಂದು ಎದ್ದಿತ್ತು. ಅವನು ಗಕ್ಕನೆ ತಿರುಗಿದ. ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯಲ್ಲಿ ನೀರು ಅರ್ಧಕ್ಕಿತ್ತು, ಆದರೆ ಕದಲುತ್ತಿರಲಿಲ್ಲ. ಕಾಲುವೆ ನೀರಿನ ಕೆಸರು ಕೊಳವೆಯ ಬಾಯಿ ಕಟ್ಟಿತ್ತು. ಬಾಯ್ಲರಿನೊಳಗೆ ನೀರು ತಳ ಕಂಡಿತ್ತು. ಗೋಡೆಯಾಚೆ ಗದ್ದೆಮ್ಮ ಹತ್ತು ಹೆಂಗಸರೊಂದಿಗೆ ಭತ್ತ ಹರವುತ್ತಿದ್ದಳು.

“ನೀರು ಬಿಡ್ತೀನಿ!” ಕರಿಬಸಯ್ಯ ಬಾಗಿಲ ಬಳಿಯ ಪಂಪಿನ ಸ್ವಿಚ್ಚಿಗೆ ಕೈ ಚಾಚಿದರು.

“ಮುಟ್ಟಬ್ಯಾಡ್ರಿ ಮಾಲಕ್ರ! ಕಾದ ಕಬ್ಬಿಣಕ್ಕ ತಣ್ಣೀರು ಬಿತ್ತಂದ್ರ ಸಿಡಿತೈತಿ! ಗದ್ದೆಮ್ಮಕ್ಕಾ, ಎಲ್ಲಾರನ್ನೂ ಕರ್ಕೊಂಡು ಓಡು!”

ಮೌಲಾಹುಸೇನ ಬ್ಲೋವರ್ ಆರಿಸಿ, ಉದ್ದನೆಯ ಕೊಕ್ಕೆ ಹಿಡಿದು ಒಲೆಯ ಕೆಂಡವನ್ನೆಲ್ಲ ಹೊರಗೆಳೆದ. ಗೋಣಿಚೀಲ ಹತ್ತಿಕೊಂಡಿತು, ಲುಂಗಿಯ ಅಂಚು ಸುಟ್ಟಿತು. ಬಾಯ್ಲರು ಗಾಯಗೊಂಡ ಕೋಣದಂತೆ ನರಳಿತು. ಕಬ್ಬಿಣದ ತಗಡುಗಳು ಟಪ್, ಟಪ್ ಎಂದವು. ಬಹಳ ಹೊತ್ತಿನ ಮೇಲೆ ಸುಮ್ಮನಾಯಿತು.

ಕರಿಬಸಯ್ಯ ಬಾಗಿಲು ಬಿಟ್ಟು ಹತ್ತಿರ ಬಂದರು. ಮೌಲಾಹುಸೇನನ ಹೆಗಲು ಹಿಡಿದು, ಎಲ್ಲರಿಗೂ ಕೇಳುವಂತೆ ಕೂಗಿದರು: “ಜರ್ಮನಿಯಾಗ ಇಂಥಾ ಗಂಡಸು ಎಲ್ಲಿ ಸಿಗ್ತಾನ? ಜೀವದ ಹಂಗು ಬಿಟ್ಟು ನಿಂತ! ಹೇಳೋ ಮೌಲಾ, ಯಾಕ ಓಡಲಿಲ್ಲ ನೀ?”

“ಓಡ್ತಿದ್ದೆ ರೀ,” ಎಂದ ಮೌಲಾಹುಸೇನ. “ಬಾಗಿಲಿಗೆ ನೀವು ಅಡ್ಡ ನಿಂತಿದ್ರಿ.”