ಆಡುವ ಬೈನಾಕ್ಯುಲರು

ಪುಲಿಕಾಟ್ ಸರೋವರದಲ್ಲಿ ದೋಣಿ ಅಲುಗಿದಾಗಲೆಲ್ಲ ನನ್ನ ಹಳೆಯ ಬೈನಾಕ್ಯುಲರಿನೊಳಗೆ ರಾಜಹಂಸಗಳು ಕುಣಿಯುತ್ತಿದ್ದವು. ಒಂದನ್ನಾದರೂ ನೆಟ್ಟಗೆ ನೋಡಿಯೇ ತೀರುತ್ತೇನೆಂದು, ಹಳೆಯದನ್ನು ಕುತ್ತಿಗೆಗೆ ನೇತುಹಾಕಿಕೊಂಡೇ ಚೆನ್ನೈನ ಅಂಗಡಿಗೆ ಹೋದೆ. ಮೈಸೂರು ಬಿಟ್ಟು ಬಂದು ಮೂರು ತಿಂಗಳಾಗಿತ್ತು. ನನ್ನ ತಮಿಳು ಅರ್ಧಂಬರ್ಧ. ಅಂಗಡಿಯವರು ಬ್ಯಾಟರಿ ಹಾಕಿದ ಹೊಸ ಬಗೆಯದೊಂದನ್ನು ಕೈಗಿಟ್ಟು, "ಇದು ಆಡಾದು ಮೇಡಂ, ಬೋಟ್‌ಗೆ ಇದುದಾನ್ ಕರೆಕ್ಟ್" ಎಂದರು. ನಮ್ಮ ಕಡೆ ಕೀಲು ಆಡದಿದ್ದರೆ ಕೆಟ್ಟಿದೆ ಎಂದೇ ಅರ್ಥ. ಕೆಟ್ಟ ಮಾಲನ್ನು ನನ್ನ ತಲೆಗೆ ಕಟ್ಟುತ್ತಿದ್ದಾರೆಂದು ರೇಗಿಹೋಯಿತು. ಆಡುವುದೇ ಬೇಕೆಂದು ಪಟ್ಟು ಹಿಡಿದು ಕೂತೆ. ತಮಿಳಿನಲ್ಲಿ ಆಡುವುದೆಂದರೆ ಅಲ್ಲಾಡುವುದು, ದೋಣಿ ಅಲುಗಿದರೂ ಇದರೊಳಗಿನ ಚಿತ್ರ ಅಲ್ಲಾಡದು ಎಂದು ಅವರು ಕೈ ಅಲುಗಿಸಿ ತೋರಿಸಿ, ಆಮೇಲೆ ನನ್ನ ಕುತ್ತಿಗೆಯತ್ತ ಬೆರಳು ಮಾಡಿದರು. ನಾನು ಹಟ ಹಿಡಿದು ಕೇಳುತ್ತಿದ್ದ ಆಡುವ ಬೈನಾಕ್ಯುಲರು ಆಗಲೇ ಅಲ್ಲಿ ನೇತಾಡುತ್ತಿತ್ತು.